ಎಂ.ಪಿ. ಮರ

ನಾನು ಹುಟ್ಟಿದ ಲೋಕಸಭಾ ಕ್ಷೇತ್ರ ಈಗ ಇಲ್ಲ. ಊರು ಇದೆ, ಮನೆ ಇದೆ, ತೆಂಗಿನ ತೋಟ ಇದೆ, ಓಟು ಹಾಕುವ ಜನರೂ ಇದ್ದಾರೆ. ಕ್ಷೇತ್ರ ಮಾತ್ರ, ಎಲ್ಲೋ ಯಾರೋ ನಕ್ಷೆ ಹರಡಿಕೊಂಡು ಕೂತು ಗೆರೆ ಬದಲಿಸಿದಾಗ ಮಾಯವಾಯಿತು. ಅದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಹೆಸರಿನ ಪೇಟೆಯವರ ಮುಂದೆ ಈಗಲೂ ಆ ಮಾತೆತ್ತಿದರೆ ಪಿತ್ರಾರ್ಜಿತ ಆಸ್ತಿ ಕಳೆದುಕೊಂಡವರಂತೆ ಮುಖ ಮಾಡುತ್ತಾರೆ. ನಾನು ಕೊಯಮತ್ತೂರಿನಲ್ಲಿ ವಕೀಲೆ. ಬದುಕೆಲ್ಲ ಗಡಿ ತಕರಾರುಗಳಲ್ಲೇ ಸವೆದಿದೆ. ಬೇಲಿ ಒಂದು ಗೇಣು ಸರಿದರೆ ಒಡಹುಟ್ಟಿದವರು ತಲೆ ನರೆಯುವವರೆಗೂ ಕೋರ್ಟಿಗೆ ಅಲೆಯುತ್ತಾರೆ. ಇಷ್ಟು ದೊಡ್ಡ ಕ್ಷೇತ್ರವನ್ನೇ ಒರೆಸಿ ಹಾಕಿದಾಗ ತಡೆಯಾಜ್ಞೆ ಬೇಕೆಂದು ನನ್ನ ಆಫೀಸಿನ ಮೆಟ್ಟಿಲು ಹತ್ತಿದವರು ಯಾರೂ ಇಲ್ಲ.

ನಮ್ಮದು ಉಡುಮಲೈಪೇಟೆಯ ಕಡೆ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡು ಬಂದ ಕನ್ನಡದ ಮನೆ. ಕನ್ನಡ ಹೊಸ್ತಿಲ ಒಳಗೆ. ಹೊರಗೆ ಕಾಲಿಟ್ಟರೆ ತಮಿಳು, ಒಳಗೆ ಬಂದ ಮೇಲೂ ಅರ್ಧ ತಮಿಳು. ಮನೆಯಲ್ಲಿ ಯಾರಿಗೂ ಕನ್ನಡ ಓದಲು ಬರುವುದಿಲ್ಲ. ನನಗೆ ಅಕ್ಷರ ಕಲಿಸಿದ್ದು ಮೈಸೂರಿನಲ್ಲಿ ಬೆಳೆದ ನನ್ನ ಗಂಡನ ತಾಯಿ, ಮದುವೆಯಾದ ಮೇಲೆ. ಹಾಗಾಗಿ ನಾನು ಇಲ್ಲಿ ಏನು ಬರೆದರೂ ತವರಿನವರು ಓದಿಬಿಡುತ್ತಾರೆಂಬ ಭಯವಿಲ್ಲ. ಇದಕ್ಕಿಂತ ಒಳ್ಳೆಯ ವಾಕ್‌ಸ್ವಾತಂತ್ರ್ಯವನ್ನು ಯಾವ ಸಂವಿಧಾನವೂ ಕೊಡಲಾರದು.

ನಮ್ಮ ಮನೆಯ ಹಿತ್ತಲು ಮುಗಿಯುವಲ್ಲಿ ಒಂದು ಕಾಲುವೆ. ಬೆಟ್ಟದ ಕಡೆಯ ಅಣೆಕಟ್ಟಿನಿಂದ ಬರುವ ನೀರು ಸರದಿಯ ಮೇಲೆ ಬಿಡುತ್ತಾರೆ. ಕೆಲವು ತಿಂಗಳು ತುಂಬಿ ಹರಿಯುತ್ತದೆ, ಉಳಿದ ತಿಂಗಳು ಒಣಗಿ ಬಿದ್ದಿರುತ್ತದೆ. ಆಚೆ ದಡ ಬೇರೆ ಊರು. ಆ ಊರಿನ ಮೊದಲ ಮನೆ ನನ್ನ ಅತ್ತೆಯದು, ಅಂದರೆ ಅಪ್ಪನ ಒಬ್ಬಳೇ ತಂಗಿಯದು. ನಮ್ಮ ಹಿತ್ತಲಲ್ಲಿ ನಿಂತರೆ ಅವರ ಮನೆಯ ಹೆಂಚು ಕಾಣುತ್ತದೆ. ಕೂಗಿದರೆ ಕೇಳುವಷ್ಟು ಹತ್ತಿರ ಎಂದೇ ತಾತ ಆ ಸಂಬಂಧ ಒಪ್ಪಿದ್ದಂತೆ. ಕೂಗುವುದೇನೋ ವರ್ಷವಿಡೀ ನಡೆಯುತ್ತಿತ್ತು, ಬರುವುದು ಮಾತ್ರ ನೀರಿನ ಮರ್ಜಿ. ಕಾಲುವೆ ಒಣಗಿದ್ದಾಗ ಅತ್ತೆ ಸೀರೆ ಎತ್ತಿ ಕಟ್ಟಿ, ಆಚೆ ಇಳಿದು ಈಚೆ ಹತ್ತಿ, ಒಲೆಯ ಮೇಲಿನ ಹಾಲು ಉಕ್ಕುವ ಮೊದಲೇ ಬಂದು ಹೋಗುತ್ತಿದ್ದರು. ನೀರು ಬಿಟ್ಟಾಗ ರಸ್ತೆಯ ಸೇತುವೆಯೇ ಗತಿ. ಅದಿರುವುದು ತುಂಬ ಕೆಳಗೆ. ಒಂದು ಬಸ್ಸು ಹತ್ತಿ, ಕೂಡುರಸ್ತೆಯಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು, ಅರ್ಧ ಬೆಳಗು ಕಳೆದ ಮೇಲೆ ಎದುರಿಗೆ ಕಾಣುವ ತವರು ಮನೆಗೆ ಬಂದು ಸೇರಬೇಕು. ಕೊತ್ತಂಬರಿ ಕಟ್ಟು, ನುಗ್ಗೇಕಾಯಿ, ಬಾಳೆಗೊನೆಯ ಚಿಪ್ಪು, ಇವನ್ನೆಲ್ಲ ದಡದಿಂದ ದಡಕ್ಕೆ ಎಸೆಯುತ್ತಿದ್ದೆವು. ಮೊಸರನ್ನು ಎಸೆಯಲಾಗುವುದಿಲ್ಲ ಎಂಬುದು ಅತ್ತೆಯ ದೊಡ್ಡ ಕೊರಗು. ನಮ್ಮ ಅಜ್ಜಿಗೆ ಅತ್ತೆ ಹೆಪ್ಪು ಹಾಕಿದ ಮೊಸರೇ ಆಗಬೇಕಿತ್ತು.

ಹೀಗಾಗಿ ಅತ್ತೆಗೆ ಬೇಕಾಗಿದ್ದದ್ದು ಒಂದು ಸೇತುವೆ. ಕಾರು ಬಸ್ಸು ಹೋಗುವಂಥದ್ದಲ್ಲ, ಒಬ್ಬ ಹೆಂಗಸು ಒಂದು ಮೊಸರಿನ ಪಾತ್ರೆ ಹಿಡಿದುಕೊಂಡು ನಡೆಯುವಷ್ಟು ಅಗಲದ್ದು. ನಮ್ಮ ಕ್ಷೇತ್ರದ ಚರಿತ್ರೆಯನ್ನು ಯಾರಾದರೂ ಬರೆದರೆ ಅದರಲ್ಲಿ ಯಾರು ಗೆದ್ದರು, ಯಾರು ಠೇವಣಿ ಕಳೆದುಕೊಂಡರು ಎಂದಿರುತ್ತದೆ. ನಮ್ಮ ಮನೆಯ ಮಟ್ಟಿಗೆ ಆ ಚರಿತ್ರೆ ಎಂದರೆ ಆ ಸೇತುವೆ ಬಾರದೆ ಹೋದ ಕತೆ.

ಆ ಕ್ಷೇತ್ರಕ್ಕೆ ತಲೆಬುಡ ಇರಲಿಲ್ಲ. ಒಂದು ತುದಿಯಲ್ಲಿ ಆನೆ ತೋಟಕ್ಕೆ ನುಗ್ಗಿದ ಸುದ್ದಿ, ಇನ್ನೊಂದು ತುದಿಯಲ್ಲಿ ನೂಲಿನ ರೇಟು ಏರಿದ ಸುದ್ದಿ, ನಡುವೆ ನೆಲಗಡಲೆ, ಹತ್ತಿ, ತೆಂಗು ಮತ್ತು ನಾವು. ಈಚೆ ದಡದ ಊರೂ ಆಚೆ ದಡದ ಊರೂ ಅದರೊಳಗೇ ಇದ್ದವು. ಅಪ್ಪನ ಪ್ರಕಾರ ನಾವು ಯಾರನ್ನು ಗೆಲ್ಲಿಸಿದರೂ ದೆಹಲಿಯಲ್ಲಿ ಅವರ ಎದುರು ಪಕ್ಷದವರೇ ಕೂರುತ್ತಿದ್ದರು. ‘ನಮ್ ತೊಗುದಿ ರಾಶಿನೇ ಅಂಥದ್ದು’ ಎನ್ನುತ್ತಿದ್ದರು. ಕ್ಷೇತ್ರಕ್ಕೆ ನಮ್ಮ ಮನೆಯ ಮಾತಿನಲ್ಲಿ ತಮಿಳಿನ ತೊಗುದಿಯೇ ಇರುವುದು. ಎಂ.ಪಿ. ಆದವರು ಓಟು ಕೇಳಲು ಒಂದು ಸಲ ಬರುತ್ತಿದ್ದರು. ಗೆದ್ದರೆ ಜೀಪಿನಲ್ಲಿ ನಿಂತು ಕೈಮುಗಿದು ನನ್ರಿ, ಅಂದರೆ ಧನ್ಯವಾದ, ಹೇಳಿಕೊಂಡು ಊರೂರು ತಿರುಗುವುದು ನಮ್ಮ ಕಡೆಯ ಪದ್ಧತಿ, ಅದಕ್ಕೊಂದು ಸಲ ಬರುತ್ತಿದ್ದರು. ಅಲ್ಲಿಗೆ ಮುಗಿಯಿತು. ಇನ್ನು ಅವರ ಮುಖ ನೋಡಬೇಕೆಂದರೆ ಲೋಕಸಭೆ ವಿಸರ್ಜನೆಯಾಗಬೇಕು.

ಆದರೆ ಓಟು ಕೇಳಲು ಬಂದಾಗ ನಮ್ಮ ಮನೆಗೆ ಬಾರದೆ ಹೋದವರಿಲ್ಲ. ಅದಕ್ಕೆ ಕಾರಣ ಅಪ್ಪನ ಮಜ್ಜಿಗೆ ಮತ್ತು ಅಪ್ಪನ ಮರ. ಯಾವ ಪಕ್ಷದವರೇ ಬರಲಿ, ಜಗಲಿಯ ಮೇಲೆ ಕೂರಿಸಿ, ಶುಂಠಿ ಕರಿಬೇವು ಜಜ್ಜಿ ಹಾಕಿದ ಮಜ್ಜಿಗೆ ಕೊಟ್ಟು, ‘ನಮ್ ಮನೆ ಓಟೆಲ್ಲ ನಿಮಗೇ’ ಎಂದು ಅಪ್ಪ ಕೈಮುಗಿಯುತ್ತಿದ್ದರು. ಎಲ್ಲರಿಗೂ ಅದೇ ಮಜ್ಜಿಗೆ, ಅದೇ ಮಾತು. ಆಮೇಲೆ ಅಭ್ಯರ್ಥಿ ಆಚೆ ದಡದ ಊರಿಗೆ ಹೋಗಬೇಕಲ್ಲ. ಜೀಪು ಸುತ್ತಿಕೊಂಡು ಹೋಗುತ್ತಿತ್ತು, ಅವರು ಕಾಲುವೆ ದಾಟುತ್ತಿದ್ದರು. ಚುನಾವಣೆ ಬರುವುದು ಬಿರುಬೇಸಿಗೆಯಲ್ಲಿ, ಕಾಲುವೆಯಲ್ಲಿ ಹನಿ ನೀರಿಲ್ಲದಾಗ. ಆದರೂ ಇಳಿಜಾರಿನಲ್ಲಿ ಮುಳ್ಳು, ತಳದಲ್ಲಿ ಒಡೆದ ಬಾಟಲಿ, ಒಣಗಿದ ಪಾಚಿಯ ಕೆಸರು. ಬಂದವರ ಬಿಳಿ ಪಂಚೆ ಕೊಳೆಯಾಗಬಾರದೆಂದು ಅಪ್ಪ ಎರಡು ತೆಂಗಿನ ಮರ ಕಡಿಸಿ, ಮೇಲ್ಭಾಗ ಬಾಚಿಯಲ್ಲಿ ಚಪ್ಪಟೆ ಮಾಡಿಸಿ, ಜೋಡಿಸಿ ಕಟ್ಟಿ, ದಡದಿಂದ ದಡಕ್ಕೆ ಹಾಕಿಸುತ್ತಿದ್ದರು. ಅಭ್ಯರ್ಥಿ ದಾಟಿ ಹೋದ ಕೂಡಲೇ ಎಳೆಸಿ ದನದ ಕೊಟ್ಟಿಗೆಗೆ ಸೇರಿಸುತ್ತಿದ್ದರು. ಕಾಲುವೆ ಸರ್ಕಾರದ್ದು. ಅದರ ಮೇಲೆ ಏನೂ ಇಡಕೂಡದೆಂದು ಕಾವಲಿಗಿದ್ದ ಲಸ್ಕರ್ ಗದರುತ್ತಿದ್ದ. ಆ ಜೋಡಿಗೆ ನಮ್ಮ ಮನೆಯಲ್ಲಿ ಎಂ.ಪಿ. ಮರ ಎಂದೇ ಹೆಸರು. ಹಳೆಯದಕ್ಕೆ ಗೆದ್ದಲು ಹತ್ತಿದರೆ ಹೊಸ ಜೋಡಿ ಕಡಿಯುತ್ತಿದ್ದರು. ಕಡಿಯಲು ಅಪ್ಪ ಆರಿಸುತ್ತಿದ್ದದ್ದು ಕಾಯಿ ಬಿಡುವುದನ್ನು ನಿಲ್ಲಿಸಿದ ಮರಗಳನ್ನು, ಇದರಲ್ಲಿ ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಕೇಳಿಲ್ಲ.

ಆಚೆ ತುದಿಯಲ್ಲಿ ಅತ್ತೆ ಆರತಿ ತಟ್ಟೆ ಹಿಡಿದು ನಿಂತಿರುತ್ತಿದ್ದರು. ಅಭ್ಯರ್ಥಿಗಳಿಗೆ ಹೆಂಗಸರು ಆರತಿ ಎತ್ತುವುದು ನಮ್ಮ ಕಡೆ ಹೊಸದಲ್ಲ, ಆದರೆ ಅತ್ತೆಯ ಆರತಿಗೆ ಒಂದು ಷರತ್ತಿತ್ತು. ತಟ್ಟೆ ಮೂರು ಸುತ್ತು ಬಂದ ಮೇಲೆ ಹೆಬ್ಬೆರಳಿಗೆ ಕುಂಕುಮ ಹಚ್ಚಿಕೊಂಡು ಅಭ್ಯರ್ಥಿಯ ಹಣೆಯ ಹತ್ತಿರ ತಂದು ನಿಲ್ಲಿಸುತ್ತಿದ್ದರು. ‘ಪಾಲ ಕಟ್ಟಿಸ್ತೀರಾ?’ ಎಂದು ತಮಿಳಿನಲ್ಲಿ ಕೇಳುತ್ತಿದ್ದರು. ಪಾಲ ಎಂದರೆ ಸೇತುವೆ. ಮರದ ತುದಿಯಲ್ಲಿ ಒಂದು ಕಾಲು, ದಡದ ಮೇಲೆ ಒಂದು ಕಾಲು ಇಟ್ಟುಕೊಂಡ ಮನುಷ್ಯ, ಹಿಂದೆ ಮರದ ಮೇಲೆ ಸಾಲಾಗಿ ನಿಂತ ಕಾರ್ಯಕರ್ತರು. ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: ‘ಕಂಡಿಪ್ಪಾಮ್ಮಾ.’ ಖಂಡಿತ ಎಂದರ್ಥ. ಅತ್ತೆ ಕುಂಕುಮ ಇಡುತ್ತಿದ್ದರು. ಅಷ್ಟು ಹಣೆಗಳಲ್ಲಿ ಗೆದ್ದ ಹಣೆಗಳೂ ಇದ್ದವು. ಒಬ್ಬರು ಗೆದ್ದ ಮೇಲೆ ಒಬ್ಬ ಸರ್ವೇಯರನ್ನೂ ಕಳಿಸಿದ್ದರು. ಅವನು ಬಂದು ಟೇಪು ಹಿಡಿದು ಕಾಲುವೆಯ ಅಗಲ ಅಳೆದು, ಒಣಗಿದ ತಳವನ್ನು ನೋಡಿ, ‘ಇದಕ್ಕೆ ಪಾಲ ಯಾಕೆ?’ ಎಂದು ಕೇಳಿ, ಅಪ್ಪ ಕೊಟ್ಟ ಮಜ್ಜಿಗೆ ಕುಡಿದು ಹೋದ.

ಅತ್ತೆ ದಡ್ಡರಲ್ಲ. ತಪ್ಪು ಎಲ್ಲಿದೆ ಎಂದು ಅವರಿಗೆ ಎಲ್ಲರಿಗಿಂತ ಮೊದಲೇ ಹೊಳೆದಿತ್ತು.

‘ಮರ ಹಾಕ್ಬೇಡ ಅಣ್ಣಾ’ ಎಂದು ಜಗಳ ತೆಗೆಯುತ್ತಿದ್ದರು. ‘ಮುಳ್ಳಲ್ಲಿ ಇಳೀಲಿ, ಕೆಸರಲ್ಲಿ ಜಾರ್ಲಿ. ಒಬ್ಬ ಬಿದ್ರೆ ಪಾಲ ತಾನಾ ಬತ್ತದೆ.’

‘ನಮ್ ಮನೆ ಮುಂದೆ ಬಂದೋರು ಬೀಳೋದಾ? ನಾಲ್ಕ್ ಜನ ಏನಂತಾರೆ ಅಮ್ಮಣಿ?’

‘ನಾಲ್ಕ್ ಜನಕ್ಕೆ ಪಾಲ ಬೇಡ. ನನಗೆ ಬೇಕು.’

ಅಪ್ಪ ನಗುತ್ತಿದ್ದರು. ಮರುದಿನ ಮರ ಹಾಕಿಸುತ್ತಿದ್ದರು. ಎದುರು ಪಕ್ಷದವರಿಗೂ ಹಾಕಿಸುತ್ತಿದ್ದರು. ಸೇತುವೆ ಬೇಕೆಂದು ಬೇಡುವವರು ಬೇಡಿಸಿಕೊಳ್ಳುವವನಿಗೆ ಮೊದಲು ಸೇತುವೆ ಕಟ್ಟಿಕೊಟ್ಟು ಆಮೇಲೆ ಬೇಡುವುದನ್ನು ನಾನು ನಮ್ಮ ಮನೆಯಲ್ಲಲ್ಲದೆ ಬೇರೆಲ್ಲೂ ನೋಡಿಲ್ಲ. ನನ್ನ ಕಕ್ಷಿದಾರರು ಯಾರಾದರೂ ಹೀಗೆ ಮಾಡಿದ್ದರೆ ವಕಾಲತ್ತು ವಾಪಸು ಕೊಟ್ಟುಬಿಡುತ್ತಿದ್ದೆ.

ಒಂದು ಸಲ ದೆಹಲಿಯ ಸರ್ಕಾರ ಅವಧಿ ಮುಗಿಯುವ ಮೊದಲೇ ಬಿದ್ದು ಚುನಾವಣೆ ನೀರಿನ ಕಾಲದಲ್ಲಿ ಬಂತು. ನಾನು ಆಗ ಕಾಲೇಜಿನಲ್ಲಿದ್ದೆ. ಅಜ್ಜಿ ಹಾಸಿಗೆ ಹಿಡಿದಿದ್ದ ವರ್ಷ ಅದು. ಒಂದು ಪಕ್ಕ ಸ್ವಾಧೀನ ತಪ್ಪಿ, ಹಿತ್ತಲ ಬಾಗಿಲಿನ ಹತ್ತಿರದ ಮಂಚದ ಮೇಲೆ ಮಲಗಿ ಕಾಲುವೆಯ ಕಡೆಗೇ ನೋಡುತ್ತಿದ್ದರು. ಅತ್ತೆ ದಿನವೂ ಬೆಳಿಗ್ಗೆ ಎರಡು ಬಸ್ಸು ಹಿಡಿದು ಬಂದು, ತಾಯಿಗೆ ಮೈ ಒರೆಸಿ, ಮೊಸರನ್ನ ತಿನ್ನಿಸಿ, ಸಂಜೆ ಎರಡು ಬಸ್ಸು ಹಿಡಿದು ವಾಪಸು ಹೋಗುತ್ತಿದ್ದರು. ಅವರ ಮನೆಯಲ್ಲೂ ಕರೆಯುವ ಹಸು ಎರಡು, ಶಾಲೆಗೆ ಹೋಗುವ ಮಕ್ಕಳು. ಆದರೂ ಚುನಾವಣೆಯ ಸುದ್ದಿ ಕೇಳಿ ಅವರ ಮುಖ ಅರಳಿದ್ದು ನನಗೆ ನೆನಪಿದೆ.

‘ಈ ಸಲ ಕಾಲುವೆ ತುಂಬ ನೀರು. ನಾನೇನೂ ಹೇಳಬೇಕಾಗಿಲ್ಲ. ಬಂದು ದಡದಾಗೆ ನಿಂತು ನೋಡ್ಲಿ, ನನ್ ಥರ ಸುತ್ತಿಕೊಂಡು ಹೋಗ್ಲಿ. ನೀ ಕೊಟ್ಟಿಗೆಯಿಂದ ಮರ ತೆಗೀಬೇಡ ಅಣ್ಣಾ, ನಿನ್ ಕಾಲಿಗೆ ಬೀಳ್ತೀನಿ’ ಎಂದರು. ಅಪ್ಪ ಹೂಂ ಎಂದರು.

ಅಭ್ಯರ್ಥಿ ಬಂದರು. ಮಜ್ಜಿಗೆ ಕುಡಿದರು. ಹಿತ್ತಲಿಗೆ ಬಂದು ತುಂಬಿದ ಕಾಲುವೆ ನೋಡಿ, ‘ಈ ಸಲ ಆಗಲ್ಲ ಅನ್ಸುತ್ತೆ, ಅಲ್ವಾ ಅಯ್ಯಾ?’ ಎಂದು ಬಹಳ ವಿನಯದಿಂದಲೇ ಅಪ್ಪನನ್ನು ಕೇಳಿದರು. ಅಲ್ಲಿಗೆ ಅಪ್ಪನ ಹೂಂ ನೀರು ಪಾಲಾಯಿತು. ಮನೆ ಬಾಗಿಲಿಗೆ ಬಂದವರನ್ನು ಹಿಂದಕ್ಕೆ ಕಳಿಸುವುದೇ? ಎಂ.ಪಿ. ಮರ ಕೊಟ್ಟಿಗೆಯಿಂದ ಬಂತು. ಎಮ್ಮೆ ಮೈ ತೊಳೆದರೂ ಬೈಯುತ್ತಿದ್ದ ಲಸ್ಕರ್ ತಾನೇ ಒಂದು ತುದಿ ಹಿಡಿದ. ನೆನೆದ ದಡದಲ್ಲಿ ಮರ ಕುಸಿದು ನಡುವೆ ಬಾಗಿತು. ಅಪ್ಪ ಅಂಗಿ ಬಿಚ್ಚಿ ಎದೆಮಟ್ಟದ ನೀರಿಗೆ ಇಳಿದು ಮರಕ್ಕೆ ಹೆಗಲು ಕೊಟ್ಟು ನಿಂತರು. ಅಭ್ಯರ್ಥಿ, ಅವರ ಹಿಂದೆ ಮಾಲೆ ಹಿಡಿದವರು, ಅವರ ಹಿಂದೆ ಘೋಷಣೆ ಕೂಗುವವರು, ಒಬ್ಬೊಬ್ಬರಾಗಿ ಅಪ್ಪನ ಹೆಗಲ ಮೇಲೆ ದಾಟಿದರು.

ಆಚೆ ದಡ ಮುಟ್ಟಿದ ಅಭ್ಯರ್ಥಿ ತಿರುಗಿ ನೋಡಿ, ‘ಇಂಥ ಜನ ಇರುವಾಗ ಪಾಲ ಯಾಕಮ್ಮಾ?’ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆಯ ಹೆಬ್ಬೆರಳು ಅವರ ಹಣೆಯ ಮುಂದೆ ಹಾಗೇ ನಿಂತಿತ್ತು. ಅವರು ನೆನಪಾದವರಂತೆ ‘ಕಂಡಿಪ್ಪಾಮ್ಮಾ’ ಎಂದರು. ಅತ್ತೆ ಕುಂಕುಮ ಇಟ್ಟು, ತಟ್ಟೆಯ ಆರತಿ ನೀರನ್ನು ಕಾಲುವೆಗೆ ಚೆಲ್ಲಿ, ಅಪ್ಪನ ಕಡೆ ನೋಡದೆ ಒಳಗೆ ಹೋದರು. ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಅಭ್ಯರ್ಥಿ ಪೂರ್ತಿ ಇದ್ದರು, ಅಪ್ಪನದು ತಲೆ, ಹೆಗಲು ಮಾತ್ರ ನೀರಿನ ಮೇಲೆ. ಅಪ್ಪ ಅದನ್ನು ಕತ್ತರಿಸಿ ಚೌಕಟ್ಟು ಹಾಕಿಸಿದರು. ಮರ ಮಾತ್ರ ಅದೇ ಸಂಜೆ ಕೊಟ್ಟಿಗೆಗೆ ಹೋಗಿತ್ತು, ಲಸ್ಕರ್ ನಿಂತು ತೆಗೆಸಿದ್ದ. ಅತ್ತೆ ಎಂದಿನಂತೆ ಎರಡು ಬಸ್ಸು ಹಿಡಿದು ಬಂದರು.

ಓಟು ಎಣಿಸುವ ಮೊದಲೇ ಅಜ್ಜಿ ಹೋದರು. ಬೆಳಗಿನ ಕಾಫಿಯ ಹೊತ್ತು. ಅಪ್ಪ ಹಿತ್ತಲಿಗೆ ಓಡಿ ಆಚೆ ದಡಕ್ಕೆ ಕೂಗಿದರು. ಕೂಗಿದರೆ ಕೇಳುವಷ್ಟು ಹತ್ತಿರವೇ, ಆದರೆ ಅತ್ತೆ ಆಗಲೇ ಮನೆ ಬಿಟ್ಟಿದ್ದರು. ಕೂಡುರಸ್ತೆಯಲ್ಲಿ ಎರಡನೇ ಬಸ್ಸಿಗೆ ಕಾಯುತ್ತಿದ್ದರು. ಮೊಸರಿನ ಡಬ್ಬಿ ಹಿಡಿದು ಅವರು ನಮ್ಮ ಬೀದಿಯ ತಿರುವಿಗೆ ಬಂದರು, ಬಾಗಿಲಲ್ಲಿ ಜನ ಕಂಡು ನಿಂತುಬಿಟ್ಟರು. ಅಜ್ಜಿಯ ಕೈ ಅಷ್ಟು ಹೊತ್ತಿಗೆ ತಣ್ಣಗಾಗಿತ್ತು. ಆಮೇಲಿನ ಯಾವ ಚುನಾವಣೆಯಲ್ಲೂ ಅತ್ತೆ ಆರತಿ ತಟ್ಟೆ ಹಿಡಿಯಲಿಲ್ಲ, ಪಾಲದ ಮಾತೂ ಎತ್ತಲಿಲ್ಲ. ಮನೆಯಲ್ಲಿ ಎಲ್ಲರೂ, ಪಾಪ, ಮರೆತಳು ಎಂದುಕೊಂಡರು.

ಆಮೇಲೆ ಮರುವಿಂಗಡಣೆ ಬಂತು. ಅಪ್ಪ ತಮಿಳು ಪೇಪರನ್ನು ಕನ್ನಡಕದ ಹತ್ತಿರ ಹಿಡಿದು ಓದಿ, ‘ನಮ್ ತೊಗುದಿ ಹೋಯ್ತು ಕಣೇ. ತಲೆಗೆ ಸ್ನಾನ ಮಾಡ್ಬೇಕಾ?’ ಎಂದು ಅಮ್ಮನನ್ನು ಕೇಳಿದರು. ನಮ್ಮ ಊರು ಒಂದು ಕ್ಷೇತ್ರಕ್ಕೆ ಸೇರಿತು, ಅತ್ತೆಯ ಊರು ಇನ್ನೊಂದಕ್ಕೆ. ಗಡಿ ಯಾವುದೆಂದರೆ ಅದೇ ಕಾಲುವೆ. ಇನ್ನು ಮೇಲೆ ಸೇತುವೆ ಕಟ್ಟಬೇಕೆಂದರೆ ಒಂದು ಕಾಲು ಒಬ್ಬ ಎಂ.ಪಿ.ಯದು, ಇನ್ನೊಂದು ಕಾಲು ಇನ್ನೊಬ್ಬ ಎಂ.ಪಿ.ಯದು. ಇಬ್ಬರಿಗೂ ‘ಆಚೆಯವರನ್ನು ಕೇಳಿ’ ಎನ್ನುವ ಸೌಕರ್ಯ ಸಿಕ್ಕಿತು. ಅರ್ಧ ಸೇತುವೆ ಕಟ್ಟಿಕೊಡಿ ಎಂದು ಅರ್ಜಿ ಹಾಕಿದರೆ ನಮ್ಮನ್ನು ಹುಚ್ಚರೆನ್ನುತ್ತಾರೆ.

ಹೋದ ಚುನಾವಣೆಗೆ ನಾನು ಊರಲ್ಲಿದ್ದೆ. ಅಪ್ಪನಿಗೆ ಈಗ ವಯಸ್ಸಾಗಿದೆ, ತೋಟ ನೋಡುವುದು ನನ್ನ ತಮ್ಮ. ಆದರೂ ಅಭ್ಯರ್ಥಿ ಬರುತ್ತಾರೆಂದು ತಿಳಿದದ್ದೇ ಅಪ್ಪ ಹಟ ಮಾಡಿ ಹೊಸ ಜೋಡಿ ಕಡಿಸಿದರು. ಆಚೆ ದಡ ಬೇರೆ ಕ್ಷೇತ್ರ, ಅಲ್ಲಿಗೆ ಇವರು ಯಾಕೆ ದಾಟುತ್ತಾರೆ ಎಂದು ತಮ್ಮ ಕೇಳಿದರೆ, ‘ಬಂದೋರಿಗೆ ಬೇಕಾಗಬಹುದು’ ಎಂದರು. ದೊಡ್ಡ ಪಾತ್ರೆಯ ತುಂಬ ಮಜ್ಜಿಗೆ ಮಾಡಿಸಿಕೊಂಡು ಜಗಲಿಯಲ್ಲಿ ಕೂತರು. ವ್ಯಾನು ಬಂತು. ಅಭ್ಯರ್ಥಿ ಅದರ ಮೇಲೆ ನಿಂತಿದ್ದರು, ಮೈಕು ಹಾಡುತ್ತಿತ್ತು. ತಿರುವಿನಲ್ಲಿ ವ್ಯಾನು ಒಂದು ಕ್ಷಣ ನಿಧಾನವಾಯಿತು, ಅವರು ನಮ್ಮ ಕಡೆಗೊಂದು, ಎದುರು ಮನೆಯ ಕಡೆಗೊಂದು ನಮಸ್ಕಾರ ಹಾಕಿದರು, ವ್ಯಾನು ಮುಂದೆ ಹೋಯಿತು. ಯಾರೂ ಇಳಿಯಲಿಲ್ಲ. ಮಜ್ಜಿಗೆಯನ್ನು ತೆಂಗಿನಕಾಯಿ ಸುಲಿಯುವವರು ಕುಡಿದರು.

ಸಂಜೆ ಅತ್ತೆ ಒಣ ಕಾಲುವೆ ಇಳಿದು ಹತ್ತಿ ಏದುಸಿರು ಬಿಡುತ್ತ ಬಂದರು. ಅವರಿಗೂ ವಯಸ್ಸಾಗಿದೆ, ಮಂಡಿ ನೋವು. ಹೊಸ ಮರದ ಮೇಲೆ ಕೂತಿದ್ದ ಅಪ್ಪನನ್ನು ನೋಡಿ, ‘ಇಳೀಲಿಲ್ವಾ ನಿಮ್ ಎಂ.ಪಿ.?’ ಎಂದರು.

‘ನಿಮ್ಮೋನು ಇಳಿದ್ನಾ?’

‘ವ್ಯಾನಲ್ಲೇ ಹೋದ.’

‘ಸುಮ್ನೆ ಮರ ಕಡಿಸ್ದೆ’ ಎಂದರು ಅಪ್ಪ.

ಅತ್ತೆ ಮರದ ಚಪ್ಪಟೆ ಭಾಗದ ಮೇಲೆ ಕೈ ಆಡಿಸಿದರು. ‘ಓಟು ಕೇಳೋಕೆ ಬಂದೋರಿಗೆಲ್ಲ ಹಾಕ್ದೆ. ಅಮ್ಮ ಮಲಗಿದ್ದಾಗ ಇಂಥದ್ದೇ ಮರ ಕೊಟ್ಟಿಗೇಲೇ ಇತ್ತಲ್ಲಣ್ಣಾ. ನನಗೊಂದ್ ದಿನ ಹಾಕ್ಬೇಕು ಅಂತ ತೋಚ್ಲಿಲ್ವಾ?’

‘ನೀನೇನ್ ಹೊರಗಿನೋಳಾ? ಮನೆ ಹೆಣ್ಣಿಗೆ ಯಾರಾದ್ರೂ...’ ಎಂದು ಶುರು ಮಾಡಿದ ಅಪ್ಪ ಅಲ್ಲೇ ನಿಲ್ಲಿಸಿದರು. ತಮ್ಮ ಬಾಯಿಂದ ಬಂದದ್ದು ತಮ್ಮ ಕಿವಿಗೇ ಬಿತ್ತೆಂದು ಕಾಣುತ್ತದೆ. ನಾನು ಕೋರ್ಟಿನಲ್ಲಿ ಎಷ್ಟೋ ವಾದ ಕೇಳಿದ್ದೇನೆ. ಅತ್ತೆಯ ಹಾಗೆ ಇಷ್ಟು ವರ್ಷ ತಡವಾಗಿ, ಇಷ್ಟು ಸಣ್ಣ ದನಿಯಲ್ಲಿ, ಇಷ್ಟು ನೇರವಾಗಿ ಯಾರೂ ವಾದಿಸಿದ್ದು ಕೇಳಿಲ್ಲ. ನಮ್ಮ ಯಾರಿಗೂ ಆಗ ಅದು ತೋಚಿರಲಿಲ್ಲ, ಅದಂತೂ ನಿಜ. ಅತ್ತೆ ಬಂದ ದಾರಿಯಲ್ಲೇ ಇಳಿದು ಹೋದರು.

ಚುನಾವಣೆ ಮುಗಿದು, ಮಳೆ ಬಂದು, ಕಾಲುವೆಗೆ ನೀರು ಬಿಟ್ಟ ವಾರ ತಮ್ಮ ಫೋನ್ ಮಾಡಿದ. ಅಪ್ಪ ಮರ ಹಾಕಿಸಿದ್ದಾರೆ, ತೆಗೆಯಲು ಬಿಡುತ್ತಿಲ್ಲ, ಲಸ್ಕರ್ ದಿನಾ ಬಂದು ಕೂಗಾಡುತ್ತಾನೆ, ವಕೀಲೆ ನೀನೇ ಬಂದು ಏನಾದರೂ ಹೇಳು ಎಂದ. ಭಾನುವಾರ ಹೋದೆ. ಮರ ನಿಜಕ್ಕೂ ದಡದಿಂದ ದಡಕ್ಕೆ ಬಿದ್ದಿತ್ತು. ಈ ಸಲ ಎರಡಲ್ಲ, ಮೂರು ಮರ. ಜೊತೆಗೆ ಎರಡು ಕಡೆ ಬಿದಿರು ನೆಟ್ಟು ಕೈಹಿಡಿಗೆ ಹಗ್ಗ. ಯಾವ ಎಂ.ಪಿ.ಗೂ ಸಿಗದ ಸೌಕರ್ಯ. ಲಸ್ಕರ್ ಸೈಕಲ್ಲು ನಿಲ್ಲಿಸಿಕೊಂಡು ತಮಿಳಿನಲ್ಲಿ ಗೋಗರೆಯುತ್ತಿದ್ದ. ಇವನು ಹೊಸಬ.

‘ಕ್ಯಾಂಡಿಡೇಟ್ ಬರ್ತಾರಪ್ಪ’ ಎಂದರು ಅಪ್ಪ, ತಮಿಳಿನಲ್ಲೇ.

‘ಎಲೆಕ್ಷನ್ ಮುಗಿದು ಹೋಯ್ತಲ್ಲ ಅಯ್ಯಾ.’

‘ಇವರು ಬರೋದು ಸ್ವಲ್ಪ ತಡ ಆಯ್ತು.’

ಅಷ್ಟರಲ್ಲಿ ಅತ್ತೆ ಆಚೆ ದಡದಲ್ಲಿ ಕಾಣಿಸಿದರು. ಒಂದು ಕೈಯಲ್ಲಿ ಮುಚ್ಚಳ ಬಿಗಿದ ಮೊಸರಿನ ಪಾತ್ರೆ, ಇನ್ನೊಂದು ಕೈ ಹಗ್ಗದ ಮೇಲೆ. ಮೊದಲ ಹೆಜ್ಜೆಗೆ ಮುಂಚೆ ಕೆಳಗೆ ಹರಿಯುವ ನೀರನ್ನು ನೋಡಿದರು. ಆಮೇಲೆ ನೋಡಲಿಲ್ಲ. ಅಪ್ಪ ಈಚೆ ತುದಿಯಲ್ಲಿ ಕೈ ಚಾಚಿ ನಿಂತರು. ಅತ್ತೆ ಆ ಕೈ ಹಿಡಿಯಲಿಲ್ಲ. ಮರದ ಕೊನೆಯಲ್ಲಿ ನಿಂತು, ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, ಸೆರಗಿನ ಗಂಟಿನಿಂದ ಕುಂಕುಮದ ಪೊಟ್ಟಣ ತೆಗೆದು, ಹೆಬ್ಬೆರಳಿಗೆ ಹಚ್ಚಿಕೊಂಡು ಅಪ್ಪನ ಹಣೆಯ ಮುಂದೆ ಹಿಡಿದರು.

‘ನೀರು ನಿಲ್ಲೋವರ್ಗೂ ಮರ ತೆಗೆಯೋದಿಲ್ಲ ತಾನೆ?’

‘ಕಂಡಿಪ್ಪಾ’ ಎಂದರು ಅಪ್ಪ.

ಅತ್ತೆಯ ಕೈ ಅಲ್ಲೇ ನಿಂತಿತು. ‘ಆ ಮಾತು ಬೇಡ. ಅದನ್ನ ಎಲ್ಲರೂ ಹೇಳವ್ರೆ.’

ಅಪ್ಪ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಯಾವತ್ತೂ ಬಂದವರೆದುರು ಮಾತಿಗೆ ತಡಕಾಡಿದವರಲ್ಲ. ಕಡೆಗೆ, ‘ತಪ್ಪಾಯ್ತು ಅಮ್ಮಣಿ’ ಎಂದರು.

ಅತ್ತೆ ಕುಂಕುಮ ಇಟ್ಟರು. ಲಸ್ಕರ್ ಏನೂ ಕಾಣದವನಂತೆ ಸೈಕಲ್ಲು ತಿರುಗಿಸಿದ. ಅತ್ತೆ ನನ್ನ ಕೈಯಿಂದ ಮೊಸರಿನ ಪಾತ್ರೆ ತೆಗೆದುಕೊಂಡು ಹಿತ್ತಲ ಬಾಗಿಲಿಗೆ ಬಂದರು. ಅಜ್ಜಿಯ ಮಂಚ ಇದ್ದ ಜಾಗದಲ್ಲಿ ಈಗ ವಾಷಿಂಗ್ ಮೆಷಿನ್ ಇದೆ. ಅದರ ಹತ್ತಿರ ಒಂದು ಗಳಿಗೆ ನಿಂತು, ಮುಚ್ಚಳ ತೆಗೆದು ಮೊಸರು ಅಲುಗಾಡಿಲ್ಲವಷ್ಟೇ ಎಂದು ನೋಡಿಕೊಂಡು, ಒಳಗೆ ಹೋದರು.